ಬಂಡೆ ನೆಲದಲ್ಲಿ 4 ಓಮ್: ಅಡಿಪಾಯದ ಕಂಬಿಯನ್ನೇ ಅರ್ಥಿಂಗ್ ಮಾಡಿದ ನನ್ನ ಅನುಭವ

ಚಿತ್ರದುರ್ಗದ ಕಡೆ ಒಂದು ಎಣ್ಣೆ ಮಿಲ್. ಎರಡು ಅಡಿ ಅಗೆದರೆ ಗುಂಡುಕಲ್ಲು, ಅದರ ಕೆಳಗೆ ಬಂಡೆ. ಹಳೇ ಶೆಡ್‌ಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟ್ ಮಣ್ಣಿಗೆ ಹೋಗುವ ದಾರಿ, ಮಾಡಿದ್ದು ನಾನೇ. ಆ ದಾರಿಯ ಓಮ್ ಕಡಿಮೆ ಇದ್ದಷ್ಟೂ ಒಳ್ಳೇದು. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್, ಇದ್ದಿಲು, ಉಪ್ಪು ಹಾಕಿ ನಾಲ್ಕು ಪಿಟ್ (ಗುಂಡಿ) ಮಾಡಿದ್ದೆ. ಬಂಡೆ ಒಡೆಯೋಕೆ ಬ್ರೇಕರ್ ಬಾಡಿಗೆ ಸೇರಿ ಪಿಟ್‌ಗೆ ಸುಮಾರು 8 ಸಾವಿರ ಬಿತ್ತು. ಒಂದೊಂದು ಪಿಟ್ 35 ಓಮ್ ತೋರಿಸಿತು. ನಾಲ್ಕೂ ಸೇರಿಸಿದರೆ 9ರ ಹತ್ತಿರ ಬರಬೇಕಿತ್ತು ಅಲ್ವಾ? ಬಂದಿದ್ದು 18. ಜಾಗ ಇಲ್ಲ ಅಂತ 2 ಮೀಟರ್‌ಗೊಂದು ಹಾಕಿದ್ದೆ. 3 ಮೀಟರ್ ಪೈಪ್‌ಗೆ ಕನಿಷ್ಠ 6 ಮೀಟರ್ ಅಂತರ ಬೇಕು. ಗೊತ್ತಿದ್ದೂ ಬಿಟ್ಟೆ, 32 ಸಾವಿರ ಹೋಯಿತು.

ಆಮೇಲೆ ಕೆಮಿಕಲ್ ರಾಡ್, ಅಂದರೆ ತೇವ ಹಿಡಿಯುವ ಪುಡಿಯ ಜೊತೆ ಹೂಳುವ ರಾಡ್, ಪ್ರಯೋಗ. ಒಂದಕ್ಕೆ 12 ಸಾವಿರ ಕೊಟ್ಟು ಎರಡು ಹಾಕಿದೆ. ಮಳೆಗಾಲದಲ್ಲಿ ಚೆನ್ನಾಗಿತ್ತು, ಬೇಸಿಗೆಗೆ ಮತ್ತೆ ಹಳೇ ಕಥೆ. ಉಪ್ಪಿನ ಪಿಟ್ ಒಂದನ್ನು ಎರಡು ವರ್ಷಕ್ಕೆ ಅಗೆದು ನೋಡಿದೆ. ಪೈಪಿನ ಮೇಲಿನ ಒಂದಡಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು.

ಪಕ್ಕದಲ್ಲೇ 40 x 24 ಮೀಟರ್ ಹೊಸ ಶೆಡ್ ಏಳುತ್ತದೆ ಅಂದಾಗ, ಈ ಸಲ ಪಿಟ್ಟೇ ಬೇಡ, ಅಡಿಪಾಯವನ್ನೇ ಎಲೆಕ್ಟ್ರೋಡ್ (ಮಣ್ಣಿಗೆ ಕರೆಂಟ್ ಬಿಡುವ ಭಾಗ) ಮಾಡೋಣ ಅಂದೆ. ಅರ್ಥಿಂಗ್‌ನ ಭಾರತೀಯ ಮಾನದಂಡ ಐಎಸ್ 3043 ಇದಕ್ಕೆ ಅವಕಾಶ ಕೊಟ್ಟಿದೆ. ಮಣ್ಣಿಗೆ ತಾಗಿದ ಕಾಂಕ್ರೀಟ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ತೇವ ಇದ್ದರೆ ಕರೆಂಟ್ ಹರಿಯುತ್ತದೆ, ಅಷ್ಟೇ ಗುಟ್ಟು. ಸಿವಿಲ್ ಎಂಜಿನಿಯರ್ ಒಪ್ಪಲಿಲ್ಲ. ಕಂಬಿಗೆ ವೆಲ್ಡಿಂಗ್ ಮಾಡಿದರೆ ಬಲ ಹೋಗುತ್ತದೆ ಅಂದರು. ಅವರ ಮಾತೂ ಸರಿಯೇ. ಅದಕ್ಕೆ ನಾನು ಮುಖ್ಯ ಕಂಬಿಗೆ ವೆಲ್ಡಿಂಗ್ ಹಚ್ಚಲಿಲ್ಲ. ಪ್ಲಿಂತ್ ಬೀಮ್ (ಗೋಡೆ ಬುಡದ ಕಾಂಕ್ರೀಟ್ ತೊಲೆ) ಒಳಗೆ ಸುತ್ತಲೂ 40 x 6 ಮಿಲಿಮೀಟರ್ ಕಬ್ಬಿಣದ ಪಟ್ಟಿ ಎಳೆದು, ಪಟ್ಟಿಗೆ ಪಟ್ಟಿ ಮಾತ್ರ ವೆಲ್ಡ್ ಮಾಡಿದೆ. ಕಂಬಿಗೆ ಕ್ಲಾಂಪ್, ನಡುನಡುವೆ ಬೈಂಡಿಂಗ್ ವೈರ್. ಪ್ರತಿ ಫುಟಿಂಗ್‌ಗೂ (ಕಾಲಂ ಬುಡದ ಕಾಂಕ್ರೀಟ್) ಒಂದು ಕವಲು ಇಳಿಸಿದೆ. ಸುತ್ತಿಗೇ ಸುಮಾರು 130 ಮೀಟರ್ ಪಟ್ಟಿ, 240 ಕೆಜಿ ಬಂತು. ಕೂಲಿ ಸೇರಿ 38 ಸಾವಿರ.

ಇಲ್ಲೂ ಒಂದು ಎಡವಟ್ಟಾಯಿತು. ಒಂದು ಮೂಲೆಯ ಮೂರು ಫುಟಿಂಗ್‌ಗಳ ಕೆಳಗೆ ಮೇಸ್ತ್ರಿ ಪ್ಲಾಸ್ಟಿಕ್ ಹಾಳೆ ಹಾಸಿಬಿಟ್ಟಿದ್ದ. ನೀರು ಇಂಗದಿರಲಿ ಅಂತ ಒಳ್ಳೇ ಮನಸ್ಸಿನಿಂದಲೇ. ಆದರೆ ಪ್ಲಾಸ್ಟಿಕ್ ಇದ್ದರೆ ಕಾಂಕ್ರೀಟ್‌ಗೂ ಮಣ್ಣಿಗೂ ಸಂಬಂಧವೇ ಇರಲ್ಲ. ನಾನು ನೋಡೋ ಹೊತ್ತಿಗೆ ಕಾಂಕ್ರೀಟ್ ಗಟ್ಟಿಯಾಗಿತ್ತು. ಆ ಮೂರನ್ನು ಲೆಕ್ಕದಿಂದ ಬಿಟ್ಟೆ.

ಪಟ್ಟಿ ಹೊರಗೆ ಬರುವ ಜಾಗ ಮುಖ್ಯ. ಹಿಂದೆ ಒಂದು ಮನೆಯಲ್ಲಿ ಕಾಂಕ್ರೀಟ್‌ನಿಂದ ನೇರ ಮಣ್ಣಿಗೆ ಇಳಿಸಿದ್ದ ಜಿಐ ಪಟ್ಟಿ, ಮೂರೇ ವರ್ಷಕ್ಕೆ ಆ ಗಡಿಯಲ್ಲೇ ತುಂಡಾಗಿತ್ತು. ಈಗ ಪಟ್ಟಿಯನ್ನು ಕಾಲಂ ಒಳಗೇ ಮೇಲೆ ತಂದು, ನೆಲದಿಂದ ಒಂದೂವರೆ ಅಡಿ ಮೇಲೆ ಹೊರಗೆ ತೆಗೆಯುತ್ತೇನೆ. ಜಾಯಿಂಟ್‌ಗೆ ಬಳಿಯುವ ಮಿಶ್ರಣ ನನ್ನದೇ, ಅದನ್ನು ಇಲ್ಲಿ ಬರೆಯಲ್ಲ.

ಅಳತೆಯ ದಿನ ಹುಡುಗರು ಕ್ಲಾಂಪ್ ಮೀಟರ್ ಹಾಕಿ 0.1 ಓಮ್ ಅಂತ ಕುಣಿದರು. ಅದು ಭೂಮಿಯ ರೀಡಿಂಗ್ ಅಲ್ಲ, ಪಟ್ಟಿಯ ಸುತ್ತಿನದು. ಕಬ್ಬಿಣದಲ್ಲೇ ಹೋಗಿ ಕಬ್ಬಿಣದಲ್ಲೇ ವಾಪಸ್ ಬರುತ್ತದೆ. ಮೂರು ಗೂಟದ ಮೀಟರ್ ತೆಗೆದೆವು. ಅದರಲ್ಲಿ ಕರೆಂಟ್ ಬಿಡೋಕೆ ದೂರದಲ್ಲಿ ಒಂದು ಗೂಟ, ವೋಲ್ಟ್ ಅಳೆಯೋಕೆ ನಡುವೆ ಇನ್ನೊಂದು, ಮೂರನೆಯದು ನಮ್ಮ ಅರ್ಥ್. 50 ಮೀಟರ್ ವೈರ್ ಸಾಲಲಿಲ್ಲ, ನಡುವಿನ ಗೂಟ ಸ್ವಲ್ಪ ಸರಿಸಿದರೂ ಅಂಕಿ ಬದಲಾಗುತ್ತಿತ್ತು. ಪಕ್ಕದ ಹೊಲ ದಾಟಿ 220 ಮೀಟರ್ ಎಳೆದು, ಅದರ 62 ಪರ್ಸೆಂಟ್ ದೂರದಲ್ಲಿ ನಡುವಿನ ಗೂಟ ಹೊಡೆದೆ. ಹಿಂದೆ ಮುಂದೆ ಹತ್ತು ಹತ್ತು ಮೀಟರ್ ಸರಿಸಿದರೂ 4ರ ಆಸುಪಾಸಲ್ಲೇ ನಿಂತಿತು. ಎಂಜಿನಿಯರ್ ತಾವೇ ಬಗ್ಗಿ ಮೀಟರ್ ನೋಡಿದರು. ಆ ಬಂಡೆ ನೆಲದಲ್ಲಿ ಬೇರೆ ಯಾರೂ 10ರ ಕೆಳಗೆ ಇಳಿಸಿದ್ದನ್ನು ನಾನಂತೂ ನೋಡಿಲ್ಲ.

ಹಾಗಂತ 4 ಓಮ್ ಬಂತು ಅಂತ ಸುಮ್ನೆ ಕೂರಬೇಡಿ. ಫೇಸ್ ವೈರ್ ಮೆಷಿನ್‌ನ ಲೋಹದ ಮೈಗೆ ತಾಗಿದಾಗ ಮಣ್ಣಿನ ದಾರಿ ಮಾತ್ರ ಇದ್ದರೆ 230 ವೋಲ್ಟ್‌ಗೆ ಹರಿಯುವುದು 57 ಆಂಪಿಯರ್. ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯ ಅರ್ಥ್ ಸೇರಿಸಿದರೆ ಇನ್ನೂ ಕಡಿಮೆ. 32 ಆಂಪಿಯರ್ ಸಿ ಟೈಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ತಕ್ಷಣ ಬೀಳೋಕೆ 160ರಿಂದ 320 ಬೇಕು. ಅದು ತಕ್ಷಣ ಬೀಳಲ್ಲ, ಅಷ್ಟು ಹೊತ್ತೂ ಮೆಷಿನ್ ಮೈಯಲ್ಲಿ ಕರೆಂಟ್ ಇರುತ್ತದೆ. ಅದಕ್ಕೆ ಇನ್‌ಕಮರ್‌ಗೆ (ಸಪ್ಲೈ ಒಳಬರುವ ಮುಖ್ಯ ಸ್ವಿಚ್) 300 ಮಿಲಿ ಆಂಪಿಯರ್, ಸಾಕೆಟ್‌ಗಳಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿದೆ. ಅದು ಸ್ವಲ್ಪ ಕರೆಂಟ್ ಸೋರಿದರೂ ಬೀಳುವ ಸ್ವಿಚ್. ಮಾಲೀಕರು ಖರ್ಚು ಜಾಸ್ತಿ ಅಂದರು. ನಾನು ಬಿಡಲಿಲ್ಲ, ಅದಿಲ್ಲದೆ ಸಪ್ಲೈ ಆನ್ ಮಾಡಲ್ಲ ಅಂದೆ.

ಏಪ್ರಿಲ್ ಕೊನೆಯಲ್ಲಿ ಮತ್ತೆ ಅಳೆದೆ. ಹೊಸ ಶೆಡ್ 4.6. ಹಳೇ ಪಿಟ್‌ಗಳಲ್ಲಿ ಒಂದನ್ನು ಬಿಚ್ಚಿ ಅಳೆದರೆ 50 ದಾಟಿತ್ತು. ಅವನ್ನೂ ಹೊಸ ಶೆಡ್‌ನ ಅರ್ಥ್ ಬಾರ್‌ಗೆ (ಅರ್ಥ್ ವೈರ್‌ಗಳೆಲ್ಲ ಸೇರುವ ಪಟ್ಟಿ) ಕಟ್ಟಿದ್ದೇನೆ, ಒಂದೇ ಜಾಗದಲ್ಲಿ ಎರಡು ಬೇರೆ ಅರ್ಥ್ ಇಡಬಾರದು. ಕಾಂಕ್ರೀಟ್‌ನ ಕಂಬಿಗೆ ಸೇರಿಸಿದ ಮೇಲೆ ಆ ಜಿಐ ಪೈಪ್‌ಗಳು ಇನ್ನೂ ಬೇಗ ತುಕ್ಕು ಹಿಡಿಯುತ್ತವೆ. ಮುಂದಿನ ವರ್ಷ ಅವನ್ನು ತೆಗೆದು ತಾಮ್ರದ ರಾಡ್ ಇಳಿಸಬೇಕು, ಈ ಸಲ 6 ಮೀಟರ್ ಅಂತರದಲ್ಲಿ.