ಕೇಬಲ್ಲಿನ ಆ ತುದಿಯಲ್ಲಿ ಎರಡು ಪಟ್ಟು ವೋಲ್ಟೇಜ್: ಕೊಳವೆಬಾವಿ ಮೋಟಾರುಗಳೊಂದಿಗೆ ನನ್ನ ಅನುಭವ

ಚಿತ್ರದುರ್ಗ ಜಿಲ್ಲೆಯಲ್ಲಿ ಮೋಟಾರು ರೀವೈಂಡಿಂಗ್ ಮಾಡುವವನಿಗೆ ಕೊಳವೆಬಾವಿಯೇ ಅನ್ನ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ತೋಟಗಳಿಂದ ಬರುವ ಸಬ್‌ಮರ್ಸಿಬಲ್ ಮೋಟಾರು ಏಕೆ ಸುಟ್ಟಿದೆ ಎಂಬುದು ಸಾಮಾನ್ಯವಾಗಿ ಬಿಚ್ಚಿದ ಕೂಡಲೇ ತಿಳಿಯುತ್ತದೆ. ಒಂದು ಫೇಸ್ ಹೋದ ಮೇಲೂ ಓಡಿದ್ದರೆ ಕೆಲವು ಕಾಯಿಲ್‌ಗಳು ಮಾತ್ರ ಸರದಿಯ ಪ್ರಕಾರ ಕರಕಲಾಗಿರುತ್ತವೆ. ನೀರು ಬತ್ತಿದ ಬೋರಿನಲ್ಲಿ ಓಡಿದ್ದರೆ ಇಡೀ ವೈಂಡಿಂಗ್ ಬೆಂದಿರುತ್ತದೆ, ಬುಷ್ ಸವೆದಿರುತ್ತದೆ.

ಸೋಲಾರ್ ಡ್ರೈವ್‌ಗೆ, ಎಂದರೆ ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮೋಟಾರಿಗೆ ಬೇಕಾದ ಎಸಿಯಾಗಿ ಬದಲಿಸುವ ಪೆಟ್ಟಿಗೆಗೆ, ಜೋಡಿಸಿದ ಮೋಟಾರುಗಳು ಬರತೊಡಗಿದ ಮೇಲೆ ಈ ಯಾವ ಲೆಕ್ಕಕ್ಕೂ ಸಿಗದ ಸುಡುವಿಕೆಯೊಂದು ಕಣ್ಣಿಗೆ ಬಿತ್ತು. ಸ್ಟೇಟರಿನ (ವೈಂಡಿಂಗ್ ಕೂರುವ, ತಿರುಗದ ಭಾಗದ) ಉಳಿದ ಭಾಗವೆಲ್ಲ ಹೊಸದರಂತಿರುತ್ತದೆ. ಲೀಡ್ ತಂತಿ ಸೇರುವ ಮೊದಲ ಕಾಯಿಲಿನ ಒಂದೆರಡು ಸುತ್ತುಗಳ ನಡುವೆ ಮಾತ್ರ ಸೂಜಿಮೊನೆಯಷ್ಟು ತೂತು, ಅದರಂಚಿನಲ್ಲಿ ಕರಗಿ ಗಟ್ಟಿಯಾದ ತಾಮ್ರದ ಸಣ್ಣ ಮಣಿ. ಓವರ್‌ಲೋಡ್ ಆದರೆ ಹೀಗಾಗುವುದಿಲ್ಲ, ಏಕೆಂದರೆ ಶಾಖ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಹೊರಗಿನಿಂದ ಬಂದ ಯಾವುದೋ ಹೊಡೆತವನ್ನು ಬಾಗಿಲಲ್ಲಿದ್ದ ಸುತ್ತುಗಳೇ ತಿಂದಿದ್ದವು.

ರೈತರ ದೂರು ನ್ಯಾಯವಾಗಿಯೇ ಇತ್ತು. ಅದೇ ಬೋರು, ಅದೇ ಮೋಟಾರು, ಅದೇ ಕೇಬಲ್ ಕರೆಂಟಿನ ಸ್ಟಾರ್ಟರ್‌ನಲ್ಲಿ ವರ್ಷಗಟ್ಟಲೆ ಓಡಿದ್ದವು. 'ಕೇಬಲ್ ಇನ್ನೂ ದಪ್ಪದ್ದು ಹಾಕಿಸಲೇ ಅಣ್ಣ?' ಎಂದು ಕೇಳುತ್ತಿದ್ದರು. ದಪ್ಪ ತಾಮ್ರದಿಂದ ವೋಲ್ಟೇಜ್ ಡ್ರಾಪ್ ಕಡಿಮೆಯಾಗುತ್ತದೆ, ನಿಜ. ಆದರೆ ಈ ರೋಗಕ್ಕೆ ಅದು ಮದ್ದಲ್ಲ. ನಮ್ಮಲ್ಲಿ 650 ಅಡಿ ಆಳಕ್ಕೆ ಇಳಿಸಿದ ಮೋಟಾರು ಅಪರೂಪವೇನಲ್ಲ. ಎಂದರೆ ಕೇಬಲ್ ಸುಮಾರು 200 ಮೀಟರ್. ಒಮ್ಮೆ ಮೋಟಾರು ಎತ್ತಿ ಇಳಿಸುವ ಖರ್ಚು ರೀವೈಂಡಿಂಗ್ ಕೂಲಿಗಿಂತ ಹೆಚ್ಚು ನೋಯಿಸುತ್ತದೆ. ಮತ್ತೆ ಅದೇ ಸುತ್ತು ಸುಟ್ಟರೆ ನಾನು ಸುತ್ತಿ ಕೊಟ್ಟು ಏನು ಪ್ರಯೋಜನ? ಕಾರಣ ಹುಡುಕಲೇಬೇಕೆಂದು ಕೂತೆ.

ಪಿವಿಸಿ ಹೊದಿಕೆಯ ಕೇಬಲ್ಲಿನಲ್ಲಿ ವಿದ್ಯುತ್ತಿನ ಅಲೆ ಮೈಕ್ರೋಸೆಕೆಂಡಿಗೆ ಸರಿಸುಮಾರು 150 ಮೀಟರ್ ಓಡುತ್ತದೆ. ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಮಾತ್ರ ಏರಿಳಿಯುವುದರಿಂದ ಈ ವೇಗದಲ್ಲಿ ಅದರ ಒಂದು ತರಂಗದ ಉದ್ದ 3000 ಕಿಲೋಮೀಟರ್. ಅದರ ಮುಂದೆ 200 ಮೀಟರ್ ಯಾವ ಲೆಕ್ಕ? ಮೇಲಿನ ತುದಿ, ಕೆಳಗಿನ ತುದಿ ಎಂಬ ಭೇದವೇ ಇರುವುದಿಲ್ಲ. ಡ್ರೈವ್ ಕೊಡುವುದು ಬೇರೆಯೇ ಜಾತಿಯ ಕರೆಂಟು. ಅದರೊಳಗಿನ ಐಜಿಬಿಟಿ ಸ್ವಿಚ್ಚುಗಳು ಡಿಸಿ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕಳಿಸುತ್ತವೆ. ಪ್ರತಿ ತುಂಡೂ ಸೊನ್ನೆಯಿಂದ ಐನೂರು ಚಿಲ್ಲರೆ ವೋಲ್ಟಿಗೆ ಏರುವುದು 0.1 ಅಥವಾ 0.2 ಮೈಕ್ರೋಸೆಕೆಂಡಿನಲ್ಲಿ. ಕೇಬಲ್ಲಿನ ಕೆಳತುದಿ ತಲುಪಲು ಬೇಕಾದದ್ದು ಅದರ ಎಷ್ಟೋ ಪಟ್ಟು, 1.3 ಮೈಕ್ರೋಸೆಕೆಂಡ್. ಅಲೆಯ ಮುಂಭಾಗ ಕೆಳಗಿಳಿಯುವಾಗ ಎದುರಿಗೆ ಮೋಟಾರು ಇದೆ ಎಂಬುದು ಡ್ರೈವ್‌ಗೆ ಇನ್ನೂ ಗೊತ್ತೇ ಆಗಿರುವುದಿಲ್ಲ.

ಅಲೆ ಸಾಗುವಾಗ ಕಾಣುವುದು ಕೇಬಲ್ಲಿನ ಸ್ವಂತ ಪ್ರತಿರೋಧ, ಸರ್ಜ್ ಇಂಪೀಡೆನ್ಸ್. ಕೇಬಲ್ಲಿನ ಇಂಡಕ್ಟೆನ್ಸನ್ನು ಕೆಪಾಸಿಟೆನ್ಸಿನಿಂದ ಭಾಗಿಸಿ ವರ್ಗಮೂಲ ತೆಗೆದರೆ ಅದು ಸಿಗುತ್ತದೆ. ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ತಂತಿಗಳ ನಡುವಿನ ಅಂತರ, ಗಾತ್ರ, ಹೊದಿಕೆಯ ಗುಣ ಇದನ್ನು ತೀರ್ಮಾನಿಸುತ್ತವೆ. ನಮ್ಮ ಚಪ್ಪಟೆ ಕೇಬಲ್ಲಿಗೆ 80–100 ಓಮ್ ಎಂದು ಹಿಡಿಯೋಣ. ಇಷ್ಟು ಚುರುಕಾದ ಅಲೆಗೆ ಸಣ್ಣ ಮೋಟಾರಿನ ವೈಂಡಿಂಗ್ ಸಾವಿರಾರು ಓಮಿನ ಗೋಡೆಯಂತೆ ಕಾಣುತ್ತದೆ. 80 ಓಮಿನಿಂದ ಬಂದ ಅಲೆ 2000 ಓಮಿಗೆ ತಾಗಿದರೆ ವ್ಯತ್ಯಾಸ 1920, ಮೊತ್ತ 2080. ಭಾಗಿಸಿದರೆ 0.92. ಅಂದರೆ ನೂರಕ್ಕೆ 92 ಪಾಲು ವೋಲ್ಟೇಜ್ ಹಿಂದಕ್ಕೆ ತಿರುಗಿ, ಬರುತ್ತಿರುವ ಅಲೆಯ ಮೇಲೆಯೇ ಕೂರುತ್ತದೆ. ತೋಟದ ತೊಟ್ಟಿಯಲ್ಲಿ ಎದ್ದ ಅಲೆ ಗೋಡೆಗೆ ಬಡಿದಾಗ ನೀರು ಅಲ್ಲೇ ದುಪ್ಪಟ್ಟು ಏಳುವುದಿಲ್ಲವೇ, ಹಾಗೆ. 560 ವೋಲ್ಟಿನ ತುಂಡು ಮೋಟಾರಿನ ಬಾಯಲ್ಲಿ 1075 ವೋಲ್ಟ್ ಆಗುತ್ತದೆ. ತಂತಿಯಲ್ಲಿ ಅಲೆಗಳ ಈ ಲೆಕ್ಕಕ್ಕೆ 1880ರ ದಶಕದಲ್ಲಿ ಬುನಾದಿ ಹಾಕಿದವರು ಆಲಿವರ್ ಹೆವಿಸೈಡ್. ಅವರ ಮುಂದಿದ್ದದ್ದು ಟೆಲಿಗ್ರಾಫ್ ತಂತಿಗಳು. ಅದೇ ಸಮೀಕರಣ ಅಡಿಕೆ ತೋಟದ ಬೋರಿನಲ್ಲೂ ಸುಳ್ಳಾಗುವುದಿಲ್ಲ ಎಂಬುದು ನನಗೆ ಇಂದಿಗೂ ರೋಮಾಂಚನ.

ಲೆಕ್ಕ ಲೆಕ್ಕವೇ, ಕಣ್ಣಾರೆ ನೋಡಬೇಕಿತ್ತು. ಬೋರಿನೊಳಗೆ ಇಣುಕಲು ಸಾಧ್ಯವಿಲ್ಲ. ಆದ್ದರಿಂದ ರಿಪೇರಿಯಾದ ಮೋಟಾರನ್ನು ಒಬ್ಬ ರೈತರ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ, ಪೂರ್ತಿ ಕೇಬಲ್ಲನ್ನು ಬದುವಿನ ಮೇಲೆ ಬಿಡಿಸಿ ಹಾಸಿದೆವು. ಸುರುಳಿಯಲ್ಲೇ ಬಿಟ್ಟರೆ ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ಪ್ರಭಾವ ಬೀರಿ ಅಳತೆ ಕೆಡುತ್ತದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯ ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪನ್ನೂ ಹೈ ವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬನ್ನೂ ತಂದಿದ್ದ. ಸಾಮಾನ್ಯ ಮಲ್ಟಿಮೀಟರಿಗೆ ಇದು ಕಾಣುವುದೇ ಇಲ್ಲ. ಸಾಮಾನ್ಯ ಪ್ರೋಬನ್ನು ನೇರ ಇಂಥ ಕಡೆ ಇಡುವುದು ಜೀವಕ್ಕೇ ಅಪಾಯ.

ಡ್ರೈವ್ ತುದಿಯಲ್ಲಿ ಚೌಕಾಕಾರದ ಅಚ್ಚುಕಟ್ಟಾದ ತುಂಡುಗಳು ಕಂಡವು. ಮೋಟಾರು ತುದಿಗೆ ಪ್ರೋಬ್ ಬದಲಿಸಿದಾಗ ಪ್ರತಿ ತುಂಡಿನ ಮುಂಭಾಗವೂ ಸಾವಿರ ವೋಲ್ಟ್ ದಾಟಿ ಚಿಮ್ಮಿ, ಕೆಳಗೆ ಕುಸಿದು, ಮತ್ತೆ ಎದ್ದು, ನಡುಗುತ್ತ ನಡುಗುತ್ತ ತಣಿಯುತ್ತಿತ್ತು. ಒಂದು ನಡುಕದಿಂದ ಇನ್ನೊಂದಕ್ಕೆ ಐದು ಮೈಕ್ರೋಸೆಕೆಂಡಿಗಿಂತ ತುಸು ಹೆಚ್ಚು. ಮೇಲಿನ ತುದಿಯಲ್ಲಿ ಡ್ರೈವಿನ ಇಂಪೀಡೆನ್ಸ್ ಸೊನ್ನೆಗೆ ಹತ್ತಿರವಾದ್ದರಿಂದ ಅಲೆ ಅಲ್ಲಿ ತಲೆಕೆಳಗಾಗಿ ವಾಪಸ್ಸಾಗುತ್ತದೆ. ಹೀಗೆ ಕೇಬಲ್ಲನ್ನು ನಾಲ್ಕು ಸಲ ಓಡಿದರೆ ಒಂದು ಆವರ್ತನೆ ಪೂರ್ತಿ. 800 ಮೀಟರನ್ನು 150ರಿಂದ ಭಾಗಿಸಿದರೆ 5.3. ತೆರೆಯ ಮೇಲಿನ ಗೆರೆ ನಮ್ಮ ಕೇಬಲ್ಲಿನ ಉದ್ದವನ್ನು ಅಳೆದು ಹೇಳುತ್ತಿತ್ತು! ನೆಲದಡಿಯ ಕೇಬಲ್ ಎಲ್ಲಿ ತುಂಡಾಗಿದೆ ಎಂದು ಹುಡುಕುವ ಯಂತ್ರಗಳು ನಂಬಿರುವುದೂ ಇದೇ ಪ್ರತಿಫಲನವನ್ನು.

ಪುಸ್ತಕದ ಪ್ರಕಾರ ಸರಿಯಾದ ಪರಿಹಾರವೆಂದರೆ ಮೋಟಾರು ತುದಿಯಲ್ಲೇ ಕೇಬಲ್ಲಿನ ಇಂಪೀಡೆನ್ಸಿಗೆ ಹೊಂದುವ ರೆಸಿಸ್ಟರ್ ಮತ್ತು ಕೆಪಾಸಿಟರ್ ಜೋಡಿಸಿ ಅಲೆಯನ್ನು ನುಂಗಿಸುವುದು. ಗಿರಣಿಯಲ್ಲಿ ಅದು ಸುಲಭ. 650 ಅಡಿ ಕೆಳಗೆ, ನೀರಿನೊಳಗೆ, ಕೇಸಿಂಗಿನ ಇಕ್ಕಟ್ಟಿನಲ್ಲಿ ಆಗದ ಮಾತು. ಹಾಗಾಗಿ ಅಲೆ ಹೊರಡುವಲ್ಲೇ ಅದನ್ನು ಪಳಗಿಸಬೇಕು.

ಅದಕ್ಕೆ ಡಿವಿ-ಡಿಟಿ ಫಿಲ್ಟರ್ ಮತ್ತು ಸೈನ್ ಫಿಲ್ಟರ್ ಎಂಬ ಎರಡು ಸಾಧನಗಳಿವೆ. ಮೊದಲನೆಯದು ಅಗ್ಗ, ಏರಿಕೆಯನ್ನು ನಿಧಾನ ಮಾಡುತ್ತದೆ. ಮೊದಲ ಸುತ್ತುಗಳ ಮೇಲಿನ ಹೊಡೆತ ಇದರಿಂದ ತಗ್ಗುತ್ತದೆ. ಆದರೆ ಏರಿಕೆಯ ಸಮಯ ಅಲೆ ಹೋಗಿಬರುವ 2.7 ಮೈಕ್ರೋಸೆಕೆಂಡಿಗಿಂತ ಕಡಿಮೆಯಿದ್ದರೆ ವೋಲ್ಟೇಜಿನ ತುದಿ ಅಷ್ಟಾಗಿ ತಗ್ಗದೆ ಹೋಗಬಹುದು. ಆದ್ದರಿಂದ ಆಳದ ಬೋರುಗಳಿಗೆ ನಾನು ಸೈನ್ ಫಿಲ್ಟರನ್ನೇ ಹಾಕಿಸುತ್ತೇನೆ. ತುಂಡುಗಳೆಲ್ಲ ಕೂಡಿ ಬಹುಪಾಲು ನಯವಾದ ಅಲೆಯಾಗಿಯೇ ಕೇಬಲ್ಲಿಗೆ ಇಳಿಯುತ್ತದೆ. ಬೆಲೆ ಹೆಚ್ಚು, ಕೊಂಚ ವೋಲ್ಟೇಜನ್ನೂ ತಿನ್ನುತ್ತದೆ. ಪದೇ ಪದೇ ಮೋಟಾರು ಎತ್ತಿಸುವ ಖರ್ಚಿನ ಮುಂದೆ ಇದು ದುಬಾರಿಯಲ್ಲ ಎಂದು ರೈತರಿಗೆ ಖಂಡಿತವಾಗಿ ಹೇಳುತ್ತೇನೆ.

ಫಿಲ್ಟರಿಗೆ ಹಣವಿಲ್ಲದವರಿಗೆ ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು, ಎಂದರೆ ಅದು ಸೆಕೆಂಡಿಗೆ ಎಷ್ಟು ಸಲ ಕತ್ತರಿಸುತ್ತದೆ ಎಂಬುದನ್ನು, ಎರಡು-ಮೂರು ಕಿಲೋಹರ್ಟ್ಸ್‌ಗೆ ಇಳಿಸಿಕೊಡುತ್ತೇನೆ. ಪ್ರತಿ ಹೊಡೆತ ಅಷ್ಟೇ ಜೋರಾಗಿರುತ್ತದೆ, ಹೊಡೆತಗಳ ಸಂಖ್ಯೆ ಕಡಿಮೆಯಾಗುತ್ತದೆ. ಮೋಟಾರು ಕೀರಲುಗುಟ್ಟಿದರೂ ಬೋರಿನ ತಳದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಸೈನ್ ಫಿಲ್ಟರ್ ಇರುವ ಕಡೆ ಮಾತ್ರ ಹೀಗೆ ಇಳಿಸಲೇಬಾರದು. ತಯಾರಕರು ಹೇಳಿದ ಕನಿಷ್ಠ ಫ್ರೀಕ್ವೆನ್ಸಿಗಿಂತ ಕೆಳಗಿಳಿದರೆ ಫಿಲ್ಟರೇ ಕಾದು ಕೆಡುತ್ತದೆ.

ಫಿಲ್ಟರ್ ಕೊಳ್ಳುವಾಗ ಅಂಗಡಿಯವರು ಬೋರಿನ ಆಳ ಕೇಳುತ್ತಾರೆ. ಹೇಳಬೇಕಾದದ್ದು ಡ್ರೈವಿನಿಂದ ಮೋಟಾರಿನವರೆಗಿನ ಕೇಬಲ್ಲಿನ ಒಟ್ಟು ಉದ್ದವನ್ನು. ಎಷ್ಟೋ ತೋಟಗಳಲ್ಲಿ ಸೋಲಾರ್ ಪ್ಯಾನೆಲ್ ಮತ್ತು ಡ್ರೈವ್ ಒಂದು ಮೂಲೆಯಲ್ಲಿ, ಬೋರು ಇನ್ನೊಂದು ಮೂಲೆಯಲ್ಲಿ ಇರುತ್ತವೆ. ಆ ನೆಲದ ಮೇಲಿನ ಓಟವನ್ನೂ ಸೇರಿಸಿ ಅಳೆಯಿರಿ. ಸಾಧ್ಯವಿದ್ದರೆ ಡ್ರೈವನ್ನೇ ಬೋರಿನ ಬಳಿ ನೆರಳಿಗೆ ತಂದು, ದೂರವನ್ನು ಡಿಸಿ ತಂತಿಗೆ ಬಿಟ್ಟುಕೊಡಿ.