ಬಿನ್ 37ಕ್ಕೆ ಹೆಸರಿಟ್ಟ ಬಗೆ: ನನ್ನ ಅನುಭವ

ಎರಡು ವರ್ಷ ಆ ಬ್ಯಾಕ್ಟೀರಿಯವನ್ನು ನಾನು ‘ಬಿನ್ 37’ ಎಂದೇ ಕರೆಯುತ್ತಿದ್ದೆ. ಅಂತರ್ಜಲದ ಮಾದರಿಯಿಂದ ಡಿಎನ್‌ಎ ತೆಗೆದು, ಸೀಕ್ವೆನ್ಸ್ ಮಾಡಿಸಿ (ಅದರ ಅಕ್ಷರಗಳ ಸಾಲನ್ನು ಯಂತ್ರದಿಂದ ಓದಿಸಿ), ತುಣುಕುಗಳನ್ನು ಜೋಡಿಸಿ, ಒಂದೇ ಜೀವಿಯವು ಎಂದು ತೋರಿದವನ್ನು ಗುಂಪು ಮಾಡಿದಾಗ ಸಿಕ್ಕ 37ನೆಯ ಗುಂಪು, ಅಂದರೆ ಬಿನ್, ಅದು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲು ಎಷ್ಟು ಹೆಣಗಿದರೂ ಬೆಳೆಯಲಿಲ್ಲ.

ಬೆಳೆಯದ ಜೀವಿಗೆ ವಿಧಿವತ್ತಾಗಿ ಹೆಸರಿಡಲು ಹಿಂದೆ ದಾರಿ ಇರಲಿಲ್ಲ. ಬ್ಯಾಕ್ಟೀರಿಯಗಳ ಹಳೆಯ ನಾಮಕರಣ ಸಂಹಿತೆಯ ಪ್ರಕಾರ ಜೀವಂತ ತಳಿಯನ್ನು ಸೂಕ್ಷ್ಮಜೀವಿಗಳನ್ನು ಜೀವಂತವಾಗಿ ಕಾಪಿಡುವ, ಎರಡು ಬೇರೆ ದೇಶಗಳ ಕಲ್ಚರ್ ಸಂಗ್ರಹಗಳಿಗೆ ಒಪ್ಪಿಸಲೇಬೇಕು. 1990ರ ದಶಕದಿಂದ ಬಳಕೆಯಲ್ಲಿರುವ ‘ಕ್ಯಾಂಡಿಡೇಟಸ್’ ಎಂಬ ಪೂರ್ವಪದ ತಾತ್ಕಾಲಿಕ ಗುರುತು ಮಾತ್ರ. 2022ರಲ್ಲಿ ಪ್ರಕಟವಾದ ಸೀಕ್‌ಕೋಡ್ ಎಂಬ ಹೊಸ ನಾಮಕರಣ ಸಂಹಿತೆ ಜೀನೋಮನ್ನೇ (ಜೀವಿಯ ಇಡೀ ಡಿಎನ್‌ಎ ಸಾಲನ್ನೇ) ಹೆಸರಿನ ಆಧಾರ ಮಾದರಿಯಾಗಿ ಒಪ್ಪುತ್ತದೆ. ನಾನು ಹಿಡಿದದ್ದು ಆ ದಾರಿ.

ಹೆಸರು ನಿಲ್ಲುವುದು ಒಂದೇ ಒಂದು ಜೀನೋಮಿನ ಮೇಲೆ. ಮುಂದೆ ಯಾರೇ ತಮ್ಮ ಜೀವಿ ಇದೇ ಪ್ರಭೇದವೇ ಎಂದು ನೋಡಬೇಕಾದರೂ ಹೋಲಿಸುವುದು ಅದರೊಂದಿಗೇ. ಹಾಗಾಗಿ ನನ್ನ ಕಾಲದ ಬಹುಪಾಲು ಹೋದದ್ದು ಹೆಸರು ಹುಡುಕುವುದಕ್ಕಲ್ಲ, ಜೀನೋಮನ್ನು ಶುದ್ಧಗೊಳಿಸುವುದಕ್ಕೆ. ಸಂಪೂರ್ಣತೆ ಶೇ. 90ಕ್ಕಿಂತ ಹೆಚ್ಚು, ಕಲಬೆರಕೆ ಶೇ. 5ಕ್ಕಿಂತ ಕಡಿಮೆ ಇರಬೇಕೆಂಬುದು ಶಿಫಾರಸು. ಇವನ್ನು ಅಳೆಯುವ ಚೆಕ್‌ಎಂ ಎಂಬ ತಂತ್ರಾಂಶ ಕೊಟ್ಟ ಅಂಕಿಗಳು 94 ಮತ್ತು 1.8. ನೋಡಿ ಸಮಾಧಾನಪಟ್ಟೆ. ಆ ಸಮಾಧಾನ ಬೇಗ ಮುಗಿಯಿತು.

ಒಂದೊಂದು ತುಣುಕನ್ನೂ ಅದು ಎಷ್ಟು ಬಾರಿ ಓದಲ್ಪಟ್ಟಿದೆ ಎಂಬ ಲೆಕ್ಕದೊಂದಿಗೆ ಸಾಲಾಗಿಟ್ಟು ನೋಡಿದೆ. ಉಳಿದವೆಲ್ಲ ಸರಾಸರಿ 38 ಪಟ್ಟು. ಒಂದು ಚಿಕ್ಕ ತುಣುಕು ಮಾತ್ರ 110 ಪಟ್ಟು. ಅದರಲ್ಲಿದ್ದದ್ದು ಬ್ಯಾಕ್ಟೀರಿಯಗಳನ್ನು ಗುರುತಿಸಲು ಬಳಸುವ 16ಎಸ್ ಆರ್‌ಆರ್‌ಎನ್‌ಎ ಜೀನು. ಹೋಲಿಸಿ ನೋಡಿದರೆ ಅದು ಅದೇ ನೀರಿನಲ್ಲಿದ್ದ ಬೇರೊಂದು ಬ್ಯಾಕ್ಟೀರಿಯದ್ದು! ಈ ಜೀನಿನ ಬಹುಭಾಗ ಎಲ್ಲ ಬ್ಯಾಕ್ಟೀರಿಯಗಳಲ್ಲೂ ಒಂದೇ ತರಹ ಇರುವುದರಿಂದ ಚಿಕ್ಕ ಓದುಗಳನ್ನು ಜೋಡಿಸುವಾಗ ಇಂಥ ಗೊಂದಲ ಸಾಮಾನ್ಯ. ಶೇಕಡಾವಾರು ಅಂಕಿ ಇದನ್ನು ಹಿಡಿಯಲಿಲ್ಲ, ಕಣ್ಣು ಹಿಡಿಯಿತು. ತುಣುಕನ್ನು ತೆಗೆದೆ, ಬಿನ್ 37ಕ್ಕೆ ತನ್ನದೇ ಆದ 16ಎಸ್ ಇಲ್ಲದಾಯಿತು. ಅದೂ ಇರಬೇಕೆಂಬ ಶಿಫಾರಸಿದೆ. ಫ್ರೀಜರಿನಲ್ಲಿ ಉಳಿದಿದ್ದ ಡಿಎನ್‌ಎಯನ್ನು ಉದ್ದನೆಯ ಓದುಗಳ ಯಂತ್ರಕ್ಕೆ ಕೊಟ್ಟು ಮತ್ತೆ ಜೋಡಿಸಿದೆ. ಈ ಸಲ ಸುಮಾರು 1,500 ಅಕ್ಷರಗಳ ಜೀನು ಅಕ್ಕಪಕ್ಕದ ಜೀನುಗಳ ಸಮೇತ ತನ್ನ ಜಾಗದಲ್ಲೇ ಕುಳಿತಿತ್ತು. ನಾಲ್ಕು ತಿಂಗಳು ಹಿಡಿಯಿತು, ಒಂದು ದಿನವೂ ವ್ಯರ್ಥವೆನಿಸಲಿಲ್ಲ.

ಹೊಸ ಪ್ರಭೇದವೇ ಎಂಬುದು ಬೇಗ ಇತ್ಯರ್ಥವಾಯಿತು. ಎರಡು ಜೀನೋಮುಗಳ ಸರಾಸರಿ ಸಾಮ್ಯ ಶೇ. 95ರ ಆಸುಪಾಸಿಗಿಂತ ಕಡಿಮೆಯಾದರೆ ಪ್ರಭೇದ ಬೇರೆ. ನನ್ನದಕ್ಕೆ ಅತಿ ಹತ್ತಿರದ್ದರೊಂದಿಗೂ ಸಾಮ್ಯ 84ರಷ್ಟೇ. ಆದರೆ ಜೀನೋಮುಗಳ ಆಧಾರದ ಮೇಲೆ ಜೀವಿಗಳನ್ನು ವರ್ಗೀಕರಿಸುವ ಜಿಟಿಡಿಬಿ ದತ್ತಕೋಶದಲ್ಲಿ ಅದರ ಕುಲಕ್ಕೂ ಹೆಸರಿರಲಿಲ್ಲ, ಅಕ್ಷರ-ಅಂಕಿಗಳ ಗುರುತಷ್ಟೇ ಇತ್ತು. ಹೆಸರಿಲ್ಲದ ಕುಲದೊಳಗೆ ಪ್ರಭೇದವನ್ನು ಹೆಸರಿಸಲಾಗದು. ಹೀಗಾಗಿ ಎರಡು ಹೆಸರು ಬೇಕಾದವು; ನನ್ನ ಪ್ರಭೇದವೇ ಆ ಕುಲದ ಮಾದರಿ ಪ್ರಭೇದವಾಯಿತು.

ಕುಲಕ್ಕೆ ‘ಮೋನಾಸ್’ ಎಂದು ಮುಗಿಯುವ ಹೆಸರನ್ನು ಕಟ್ಟಿದೆ. ಪ್ರಭೇದಕ್ಕೆ ನೆಲದಡಿಯದು ಎಂಬ ಅರ್ಥದ ‘ಸಬ್‌ಟೆರೇನಿಯಸ್’ ಎಂದು ಬರೆದು ನೋಂದಣಿ ಅರ್ಜಿ ಸಲ್ಲಿಸಿದೆ. ಸೀಕ್‌ಕೋಡಿನ ಹೆಸರುಗಳನ್ನು ದಾಖಲಿಸುವ ರಿಜಿಸ್ಟ್ರಿಯ ಪರಿಶೀಲಕರು ವಾಪಸ್ ಕಳಿಸಿದರು: ‘ಮೋನಾಸ್’ ಸ್ತ್ರೀಲಿಂಗ, ಆದ್ದರಿಂದ ವಿಶೇಷಣ ‘ಸಬ್‌ಟೆರೇನಿಯ’ ಆಗಬೇಕು. ಕನ್ನಡದಲ್ಲಿ ದೊಡ್ಡ ಅಣ್ಣ, ದೊಡ್ಡ ಅಕ್ಕ, ದೊಡ್ಡ ಮರ ಎನ್ನುವಾಗ ‘ದೊಡ್ಡ’ ಬದಲಾಗುವುದಿಲ್ಲ. ಈ ಹೆಸರುಗಳ ಭಾಷೆಯಾದ ಲ್ಯಾಟಿನ್‌ನಲ್ಲಿ ಸಂಸ್ಕೃತದಂತೆ ವಿಶೇಷಣವೂ ಲಿಂಗವನ್ನು ಅನುಸರಿಸುತ್ತದೆ. ಪರಿಶೀಲಕರ ಆ ಒಂದು ಸಾಲಿಗೆ ನಾನು ಋಣಿ. ಪದದ ಮೂಲ, ಲಿಂಗ, ಅರ್ಥ ಬರೆಯುವ ಅಂಕಣವನ್ನು ಯಾರೂ ಕೊನೆಯ ಗಳಿಗೆಗೆ ಬಿಡಬಾರದು.

ಜೀನೋಮನ್ನು ಸಾರ್ವಜನಿಕ ದತ್ತಕೋಶಕ್ಕೆ ಮೊದಲೇ ಸೇರಿಸಿದ್ದೆ. ಅದರ ಸಂಖ್ಯೆಯನ್ನು ರಿಜಿಸ್ಟ್ರಿಯಲ್ಲಿ ಮಾದರಿಯಾಗಿ ನಮೂದಿಸಿದೆ. ತಿದ್ದಿದ ಹೆಸರುಗಳಿಗೆ ಅನುಮೋದನೆ ಸಿಕ್ಕಿತು. ಆ ಹೆಸರುಗಳ ಪಟ್ಟಿಗೆ ರಿಜಿಸ್ಟ್ರಿ ಕೊಟ್ಟ ಗುರುತನ್ನು ಪ್ರಬಂಧದಲ್ಲಿ ಸೇರಿಸಿದೆ. ಪ್ರೀಪ್ರಿಂಟ್ (ವಿಮರ್ಶೆಗೆ ಮೊದಲೇ ಹೊರಬರುವ ಕರಡು) ಸಾಲದು, ತಜ್ಞರ ವಿಮರ್ಶೆ ದಾಟಿದ ಪತ್ರಿಕೆಯಲ್ಲೇ ಬರಬೇಕು. ಪ್ರಬಂಧ ಅಚ್ಚಾದ ದಿನವೇ ಅದರ ಡಿಒಐಯನ್ನು (ಪ್ರಬಂಧದ ಶಾಶ್ವತ ಗುರುತನ್ನು) ರಿಜಿಸ್ಟ್ರಿಗೆ ಕೊಟ್ಟೆ. ಈ ಹೆಜ್ಜೆ ತಪ್ಪಿದರೆ ಹೆಸರು ಅನುಮೋದಿತವಾಗಿಯೇ ಉಳಿಯುತ್ತದೆ, ಸಿಂಧುವಾಗುವುದಿಲ್ಲ.

ದತ್ತಕೋಶದಲ್ಲಿ ಜೀವಿಯ ಹೆಸರಿನ ಜಾಗದಲ್ಲಿ ಇನ್ನೂ ಹಳೆಯ ಗುರುತೇ ಇತ್ತು. ಬದಲಿಸಿಕೊಡಿ ಎಂದು ಅಂದು ಸಂಜೆಯೇ ಬರೆದೆ.