ಮಿಂಚಿ ಮಾಯವಾದವರ ಪಟ್ಟಿ ಮಾಡೋದು ಹೇಗೆ?

ಹುಬ್ಬಳ್ಳಿಯ ನೆಹರು ಮೈದಾನದ ಕಡೆ ಸಂಜೆ ಫುಟ್‌ಬಾಲ್ ಆಡಿ ಮುಗಿಸಿ, ಗಿರ್ಮಿಟ್ ಮತ್ತು ಎರಡು ಮಿರ್ಚಿ ಹೇಳಿ ನಿಂತರೆ ನಮ್ಮ ಗುಂಪಿನಲ್ಲಿ ಜಗಳ ಏಳುವುದು ಒಂದೇ ವಿಷಯಕ್ಕೆ. ಚಿಕ್ಕ ವಯಸ್ಸಿನಲ್ಲಿ ದೊಡ್ಡ ಹೆಸರು ಮಾಡಿ, ಆಮೇಲೆ ಅದೇ ಕ್ಲಬ್‌ನಲ್ಲಿ ಏನೂ ಆಗದೆ ಹೋದವರು ಯಾರು ಯಾರು? ಒಬ್ಬ ಒಂದು ಹೆಸರು ಹೇಳುತ್ತಾನೆ, ಇನ್ನೊಬ್ಬ "ಲೇ, ಅಂವನ ಕಾಲ ಮುರದಿತ್ತೋ" ಅನ್ನುತ್ತಾನೆ, ಮೂರನೆಯವನು ಸುಮ್ನೆ ಈಜಿಪ್ಟಿನ ಆಟಗಾರ ಸಲಾಹ್ ಹೆಸರು ತಂದು ಎಲ್ಲ ಕೆಡಿಸುತ್ತಾನೆ. ವರ್ಷಗಟ್ಟಲೆ ಹೀಗೇ ಕಿತ್ತಾಡಿದ ಮೇಲೆ ಒಂದು ಹಳೇ ನೋಟ್‌ಬುಕ್ ತಂದು ಗೆರೆ ಎಳೆದು ಲೆಕ್ಕ ಇಡೋಕೆ ಶುರು ಮಾಡಿದೆವು. ನಿಮ್ಮ ಕ್ಲಬ್‌ಗೂ ಅಂಥ ಪಟ್ಟಿ ಮಾಡುವ ಆಸೆ ಇದ್ದರೆ ನಮ್ಮ ಪದ್ಧತಿ ಇಲ್ಲಿದೆ.

ಮೊದಲು ಒಂದೇ ಕ್ಲಬ್ ಹಿಡಿಯಿರಿ. ಅದರ ಅಂಗಿ ಹಾಕಿಕೊಂಡೇ ಮಿಂಚಿರಬೇಕು, ಅದೇ ಅಂಗಿಯಲ್ಲೇ ಬಾಡಿರಬೇಕು. ಇದೊಂದು ಷರತ್ತು ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಸಲಾಹ್ 2014ರ ಜನವರಿಯಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ಗೆ ಬಂದ, ಲೀಗ್‌ನಲ್ಲಿ 2 ಗೋಲು ಹೊಡೆದ, ಹೋದ. ಆಮೇಲೆ ಲಿವರ್‌ಪೂಲ್‌ನಲ್ಲಿ 2017-18ರ ಒಂದೇ ಲೀಗ್ ಸೀಸನ್‌ನಲ್ಲಿ 32 ಗೋಲು. ಮುಂದೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ಮಿಂಚಿದ ಡಿ ಬ್ರೂಯ್ನ ಕಥೆಯೂ ಹೆಚ್ಚುಕಮ್ಮಿ ಹಾಗೇ, ಚೆಲ್ಸಿಯಲ್ಲಿ ಆಡಿದ್ದು ಮೂರೇ ಲೀಗ್ ಪಂದ್ಯ. ಇವರಿಬ್ಬರೂ ಚೆಲ್ಸಿಯಲ್ಲಿ ಮಿಂಚಲೇ ಇಲ್ಲವಲ್ಲ, ಬಾಡಿದರು ಅನ್ನೋದು ಹೇಗೆ? ಅದು ಕ್ಲಬ್‌ನವರ ಕಣ್ಣಿನ ದೋಷ, ಅದಕ್ಕೆ ಬೇರೆ ಪುಟ ಇಡಿ. ಫ್ರಾನ್ಸಿಸ್ ಜೆಫರ್ಸ್ ಕೂಡ ಆರ್ಸೆನಲ್ ಪಟ್ಟಿಗೆ ಬರುವುದಿಲ್ಲ. ಅವನು ಮಿಂಚಿದ್ದು ಎವರ್ಟನ್‌ನಲ್ಲಿ. 2001ರಲ್ಲಿ ಆರ್ಸೆನಲ್ ದುಡ್ಡು ಕೊಟ್ಟು ತಂದು ಮೋಸ ಹೋಯಿತು, ಅಷ್ಟೇ.

ಆಮೇಲೆ, ಮಿಂಚಿದ ದಿನ ಯಾವುದು ಅಂತ ತಾರೀಕು ಸಮೇತ ಬರೆಯಿರಿ. ತಾರೀಕು ಹೇಳೋಕೆ ಬರದಿದ್ದರೆ ಆ ಹೆಸರು ಬಿಡಿ, ಅವನ ಬಗ್ಗೆ ನಿಮಗೆ ಇರುವುದು ಬರೀ ಪೇಪರ್ ಓದಿದ ನೆನಪು.

ನಾನು ಮ್ಯಾಂಚೆಸ್ಟರ್ ಯುನೈಟೆಡ್‌ನವನು. ನನ್ನ ಪುಸ್ತಕದ ಮೊದಲ ತಾರೀಕು 2009ರ ಏಪ್ರಿಲ್ 5, ಭಾನುವಾರ. ಆಸ್ಟನ್ ವಿಲ್ಲಾ ಎದುರು ಒಂದು ಹಂತದಲ್ಲಿ 1-2 ಹಿಂದೆ ಬಿದ್ದಿದ್ದೆವು, ರೊನಾಲ್ಡೊ ಹೊಡೆದು 2-2 ಮಾಡಿದ. ಲಿವರ್‌ಪೂಲ್ ಬೆನ್ನಿಗೇ ಇತ್ತು, ಗೆಲ್ಲದಿದ್ದರೆ ಕಥೆ ಮುಗಿದಂತೆ ಅಂತ ಕೂತಿದ್ದಾಗ ನಮ್ಮ ಕೋಚ್ ಫೆರ್ಗುಸನ್ ಒಬ್ಬ 17 ವರ್ಷದ ಇಟಲಿ ಹುಡುಗನನ್ನು ಇಳಿಸಿದರು. ಫೆಡೆರಿಕೊ ಮಾಕೆಡಾ. ಯಾರಿವನು ಅಂತ ಹೆಸರು ಓದುವಷ್ಟರಲ್ಲಿ ಇಂಜುರಿ ಟೈಮ್ ಬಂತು. ನಮ್ಮ ಹಿರಿಯ ಆಟಗಾರ ಗಿಗ್ಸ್ ಕೊಟ್ಟ ಚೆಂಡನ್ನು ಗೋಲಿಗೆ ಬೆನ್ನು ಮಾಡಿ ಹಿಡಿದು, ಒಂದೇ ತಿರುವಿನಲ್ಲಿ ಡಿಫೆಂಡರ್‌ನ್ನು ದಾಟಿ, ಗೋಲ್‌ಕೀಪರ್ ಫ್ರೀಡೆಲ್‌ನ ಕೈಗೆ ಸಿಗದ ಮೂಲೆಗೆ ತೇಲಿಸಿಬಿಟ್ಟ. ನಾನು ಕೂಗಿದ ಕೂಗಿಗೆ ಅಪ್ಪ ಒಳಗಿನಿಂದ ಎದ್ದು ಬಂದು "ಏನಾತ್ಲೇ, ಯಾರ ಸತ್ರು?" ಅಂದರು. ಮುಂದಿನ ವಾರ ಸಂಡರ್‌ಲ್ಯಾಂಡ್ ಎದುರು ಇಳಿದು ನಿಮಿಷ ಆಗುವ ಮುಂಚೆಯೇ ಮತ್ತೊಂದು ಗೋಲು. ಅದು ನಮ್ಮ ತಂಡದ ಕ್ಯಾರಿಕ್ ಹೊಡೆದ ಚೆಂಡು ಇವನಿಗೆ ತಾಗಿ ಒಳಗೆ ಹೋದದ್ದು ಅನ್ನಿ, ಆದರೆ ಆಗ ಅದನ್ನೆಲ್ಲ ಯಾರು ನೋಡುತ್ತಾರೆ? ಆ ಸಲ ಲೀಗ್ ಗೆದ್ದದ್ದು 4 ಅಂಕದಲ್ಲಿ. ನನಗಂತೂ ಮುಂದಿನ ಹತ್ತು ವರ್ಷದ ಸ್ಟ್ರೈಕರ್ ಸಿಕ್ಕಿಬಿಟ್ಟ ಅನ್ನಿಸಿತು.

ಯುನೈಟೆಡ್‌ಗೆ ಲೀಗ್‌ನಲ್ಲಿ ಅವನು ಹೊಡೆದದ್ದು ಒಟ್ಟು 4 ಗೋಲು.

ಇಲ್ಲಿಂದ ಮುಂದಿನ ಕೆಲಸ ಲೆಕ್ಕದ್ದು. ಆಡೋಕೆ ಎಷ್ಟು ಬಿಟ್ಟರು, ಎಷ್ಟು ಲೋನ್ (ಅಂದರೆ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್‌ಗೆ ಆಡೋಕೆ ಕಳಿಸುವುದು), ಎಲ್ಲೆಲ್ಲಿ. ಮಾಕೆಡಾನ ಸಾಲು ನೋಡಿ: ಸಂಪ್ಡೋರಿಯಾ, ಕ್ವೀನ್ಸ್ ಪಾರ್ಕ್ ರೇಂಜರ್ಸ್, ಸ್ಟುಟ್‌ಗಾರ್ಟ್, ಡಾನ್‌ಕಾಸ್ಟರ್, ಬರ್ಮಿಂಗ್‌ಹ್ಯಾಮ್. ಸಂಪ್ಡೋರಿಯಾಗೆ ಹೋದ ಸೀಸನ್‌ನಲ್ಲೇ ಆ ತಂಡ ಕೆಳಗಿನ ಡಿವಿಷನ್‌ಗೆ ಬಿತ್ತು. ಮುಳುಗುವ ತಂಡಕ್ಕೆ 19 ವರ್ಷದ ಹುಡುಗನನ್ನು ಕಳಿಸಿ ಕಲಿತು ಬಾ ಅಂದರೆ ಏನು ಕಲಿಯುತ್ತಾನೆ? ಲೋನ್ ಅಂದರೆ ಕೆಟ್ಟದ್ದೇ ಅಂತಲ್ಲ. ಹ್ಯಾರಿ ಕೇನ್ ಕೂಡ ಟಾಟನ್‌ಹ್ಯಾಮ್‌ನಿಂದ ನಾಲ್ಕು ಕಡೆ ಲೋನ್ ಹೋಗಿ ಬಂದವನೇ. ಆದರೆ ಲೋನ್ ಹೆಚ್ಚಾದಂತೆ ಪ್ರತಿ ಸಲ ಹೊಸ ಊರು, ಹೊಸ ಕೋಚ್, ಮತ್ತೆ ಮೊದಲಿನಿಂದ. ಹಾಗಾಗಿ ಲೋನ್ ಎಷ್ಟು ಅಂತ ಬರೆದು ಬಿಡಬೇಡಿ, ಹೋದ ಕಡೆ ಆಡಿದನಾ ಅಂತಲೂ ಬರೆಯಿರಿ.

ಕೋಚ್‌ಗಳ ಹೆಸರನ್ನೂ ಅದೇ ಸಾಲಿನಲ್ಲಿ ಹಾಕಿ. ನಮ್ಮ ಯುನೈಟೆಡ್‌ನ ಅದ್ನಾನ್ ಯಾನುಜಾಯ್ 2013ರ ಅಕ್ಟೋಬರ್ 5ರಂದು ಸಂಡರ್‌ಲ್ಯಾಂಡ್ ಎದುರು ಎರಡು ಗೋಲು ಹೊಡೆದು ಪಂದ್ಯ ಗೆಲ್ಲಿಸಿದಾಗ ಅವನಿಗೆ 18. ಆಗ ಕೋಚ್ ಮೊಯೆಸ್. ಆಮೇಲೆ ವಾನ್ ಹಾಲ್, ಆಮೇಲೆ ಮೊರಿನ್ಯೊ. ಒಬ್ಬೊಬ್ಬರದೂ ಒಂದೊಂದು ಆಟ. ನಡುವೆ 2014ರಲ್ಲಿ ಗಿಗ್ಸ್ ಹಾಕುತ್ತಿದ್ದ 11ನೇ ನಂಬರ್ ಬೇರೆ ಕೊಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಇದೇ.

ಗಾಯದ ವಿಷಯಕ್ಕೆ ಬಂದರೆ ನಮ್ಮಲ್ಲಿ ಕಟ್ಟುನಿಟ್ಟು. ಗಾಯದಿಂದ ಹೋದವನನ್ನು ಫ್ಲಾಪ್ ಅನ್ನುವಂತಿಲ್ಲ, ಅಂದವನು ಆ ದಿನದ ಚಹಾ ದುಡ್ಡು ಕೊಡಬೇಕು. ಅಬೂ ಡಿಯಾಬಿ ಆರ್ಸೆನಲ್‌ಗೆ ಬಂದ ಕೆಲವೇ ತಿಂಗಳಿಗೆ, 2006ರ ಮೇ 1ರಂದು, ಸಂಡರ್‌ಲ್ಯಾಂಡ್‌ನಲ್ಲಿ ಒಂದು ಕೆಟ್ಟ ಟ್ಯಾಕಲ್‌ಗೆ ಕಣಕಾಲು ಮುರಿದುಕೊಂಡ. ಪಂದ್ಯ ಆಗಲೇ ಕೈ ಸೇರಿತ್ತು, ಮುಗಿಯೋಕೆ ಬಂದಿತ್ತು. ಅಲ್ಲಿಂದ 2015ರವರೆಗೆ ಒಂದು ಗಾಯದ ಹಿಂದೆ ಇನ್ನೊಂದು. ಅದೇ ಆರ್ಸೆನಲ್‌ನ ವಿಲ್‌ಷೇರ್ ಇನ್ನೂ ಹೊಟ್ಟೆ ಉರಿಸುತ್ತಾನೆ. 2011ರ ಫೆಬ್ರವರಿಯಲ್ಲಿ ಶಾವಿ, ಇನಿಯೆಸ್ತಾ ಇದ್ದ ಬಾರ್ಸಿಲೋನಾ ಎದುರು 19 ವರ್ಷದ ಹುಡುಗ ತಾನೇ ಮೈದಾನದ ಯಜಮಾನ ಅನ್ನುವಂತೆ ಆಡಿದ. ಮುಂದಿನ ಇಡೀ ಸೀಸನ್ ಕಣಕಾಲಿನಿಂದ ಹೋಯಿತು. 30ಕ್ಕೆ ಆಟವೇ ಬಿಟ್ಟ.

ದೇಹದ ಬಗ್ಗೆ ಇನ್ನೊಂದು ಮಾತು ಇದೆ, ಅದನ್ನು ನಾನು ಕಲಿತದ್ದು ಟಿವಿಯಿಂದಲ್ಲ. ನಾವು 14ರ ವಯಸ್ಸಿನಲ್ಲಿ ಆಡುವಾಗ ನಮ್ಮ ಜೊತೆ ಒಬ್ಬನಿದ್ದ. ಆಗಲೇ ಮೀಸೆ ಬಂದಿತ್ತು, ನಾವೆಲ್ಲ ಅವನ ಭುಜಕ್ಕಿಂತ ಕೆಳಗೆ. ಚೆಂಡು ಸಿಕ್ಕರೆ ನಮ್ಮನ್ನೆಲ್ಲ ದಬ್ಬಿಕೊಂಡು ಹೋಗಿ ಹೊಡೆಯುತ್ತಿದ್ದ. ಧಾರವಾಡ, ಗದಗ, ಹಾವೇರಿ, ಎಲ್ಲಿ ಹೋದರೂ ಅವನದೇ ಹೆಸರು. ಮೂರು ವರ್ಷದಲ್ಲಿ ನಾವೂ ಬೆಳೆದೆವು, ಅವನು ಅಷ್ಟೇ ಉಳಿದ. ದಬ್ಬೋಕೆ ಆಗದ ಮೇಲೆ ಪಾಸ್ ಮಾಡೋಕೆ ಬೇಕಿತ್ತು, ಅದನ್ನು ಯಾರೂ ಅವನಿಗೆ ಕಲಿಸಿರಲೇ ಇಲ್ಲ. ಬೇಗ ಬೆಳೆದ ಹುಡುಗರನ್ನು ಪ್ರತಿಭೆ ಅಂತ ತಪ್ಪಾಗಿ ಎಣಿಸುವುದು ಯುರೋಪಿನ ದೊಡ್ಡ ಅಕಾಡೆಮಿಗಳಲ್ಲೂ ಉಂಟು. ಒಂದೇ ವಯಸ್ಸಿನ ಗುಂಪಿನಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಆಯ್ಕೆಯಾಗುತ್ತಾರೆ, ಹತ್ತು ತಿಂಗಳ ದೊಡ್ಡವನು ಎಳೆ ವಯಸ್ಸಿನಲ್ಲಿ ಬಹಳ ದೊಡ್ಡವನು ಅಲ್ವಾ? ಅದಕ್ಕೇ 'ಬೆಳೆಯುವ ಸಿರಿ ಮೊಳಕೆಯಲ್ಲಿ' ಅನ್ನುವ ಮಾತನ್ನು ಫುಟ್‌ಬಾಲ್‌ನಲ್ಲಿ ಪೂರ್ತಿ ನಂಬಬೇಡಿ. ಮೊಳಕೆ ನೋಡಿ ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ರೇಟ್ ಕೇಳೋಕೆ ಯಾರಾದರೂ ಹೋಗುತ್ತಾರಾ?

ಕೊನೆಯ ಕಾಲಂ ತಲೆಯೊಳಗಿನದು. ಇದು ಹೊರಗೆ ಕಾಣುವುದಿಲ್ಲ, ಹಾಗಾಗಿ ಆಟಗಾರ ತಾನೇ ಹೇಳಿದ್ದರೆ ಮಾತ್ರ ಬರೆಯಿರಿ. ಬೋಯಾನ್ ಕ್ರ್ಕಿಚ್ 2007ರಲ್ಲಿ 17 ವರ್ಷ 19 ದಿನಕ್ಕೆ ಬಾರ್ಸಿಲೋನಾಗೆ ಲೀಗ್ ಆಡಿ ಮೆಸ್ಸಿಯ ದಾಖಲೆ ಮುರಿದ. ಆ ಸೀಸನ್‌ನಲ್ಲಿ ಲೀಗ್‌ನಲ್ಲಿ 10 ಗೋಲು. 2008ರ ಫೆಬ್ರವರಿಯಲ್ಲಿ ಸ್ಪೇನ್ ತಂಡಕ್ಕೆ ಕರೆ ಬಂತು, ಹೊಟ್ಟೆ ಕೆಟ್ಟಿದೆ ಅಂತ ಆಡಲಿಲ್ಲ. ಹೊಟ್ಟೆ ಕೆಟ್ಟಿರಲಿಲ್ಲ, ಆತಂಕ ಅವನನ್ನು ಹಿಡಿದಿತ್ತು ಅಂತ ಅವನೇ ಬಾಯಿಬಿಟ್ಟದ್ದು 2018ರಲ್ಲಿ. ಅದೇ ಕಾರಣಕ್ಕೆ ಯೂರೋ 2008ಕ್ಕೂ ಹೋಗಲಿಲ್ಲ, ಸ್ಪೇನ್ ಅದನ್ನು ಗೆದ್ದಿತು. ಅಷ್ಟು ವರ್ಷ ನಾವು ಇಲ್ಲಿ ಗಿರ್ಮಿಟ್ ತಿನ್ನುತ್ತಾ 'ಸೊಕ್ಕು ಬಂದಿರಬೇಕು' ಅಂತ ತೀರ್ಪು ಕೊಟ್ಟಿದ್ದೆವು.

ಯಾರನ್ನೂ 24 ದಾಟುವ ಮುಂಚೆ ಪಟ್ಟಿಗೆ ಸೇರಿಸಬೇಡಿ. ನಮ್ಮವನೊಬ್ಬ ನಾರ್ವೆಯ ಆಟಗಾರ ಓಡೆಗಾರ್ಡ್ ಹೆಸರನ್ನು ಪೆನ್ನಿನಲ್ಲೇ ಬರೆದಿದ್ದ. ಆಮೇಲೆ ಓಡೆಗಾರ್ಡ್ ಆರ್ಸೆನಲ್ ನಾಯಕನಾದ. ಆ ಪುಟದಲ್ಲಿ ಈಗಲೂ ದೊಡ್ಡ ಕಾಟು ಇದೆ. ಪೆನ್ಸಿಲ್ ಬಳಸಿ.

ಹನ್ನೊಂದು ಜನರ ತಂಡ ಕಟ್ಟುವ ಹಟ ಬೇಡ. ಗೋಲ್‌ಕೀಪರ್ ಸಿಗುವುದೇ ಕಷ್ಟ, 18ಕ್ಕೆ ಅವರನ್ನು ಆಡಿಸುವವರು ಕಡಿಮೆ. ಮಿಂಚು ಕಾಣುವುದು ಮುಂದೆ ಆಡುವವರಲ್ಲಿ, ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಆರು ಸ್ಟ್ರೈಕರ್, ನಾಲ್ಕು ವಿಂಗರ್ ಆಗುತ್ತಾರೆ. ಐದು ಜನ ಸಾಕು.

ಕ್ಲಬ್ ಬಿಟ್ಟ ಮೇಲೆ ಏನಾದ ಅನ್ನುವುದಕ್ಕೂ ಜಾಗ ಬಿಡಿ. ಯಾನುಜಾಯ್ 2018ರ ವಿಶ್ವಕಪ್‌ನಲ್ಲಿ ಬೆಲ್ಜಿಯಂಗೆ ಇಂಗ್ಲೆಂಡ್ ಎದುರು ಗೆಲುವಿನ ಗೋಲು ಹೊಡೆದ. ಮಾಕೆಡಾ 2018ರಿಂದ ನಾಲ್ಕು ಸೀಸನ್ ಗ್ರೀಸ್‌ನ ಪನಾಥಿನೈಕೋಸ್‌ನಲ್ಲಿ ನೆಮ್ಮದಿಯಿಂದ ಗೋಲು ಹೊಡೆದುಕೊಂಡಿದ್ದ. ಅವನ ಸಾಲಿನ ಕೊನೆಗೆ ಅದನ್ನು ಬರೆದಿದ್ದೇನೆ. ತೀರ್ಪಿನ ಕಾಲಂ ಮಾತ್ರ ಇನ್ನೂ ಖಾಲಿ. ಮೂವರು 'ಫ್ಲಾಪ್' ಅಂತ ಕೈ ಎತ್ತಿದ್ದಾರೆ, ಪೆನ್ಸಿಲ್ ನನ್ನ ಹತ್ತಿರ ಇದೆ.